ನವಣೆಯಮ್ಮನವರಿಗೊಂದು ಬಹಿರಂಗ ವಿಜ್ಞಾಪನೆ

ಶ್ರೀಮತಿ ನವಣೆಯಮ್ಮನವರ ಸನ್ನಿಧಾನಕ್ಕೆ, ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪೂರ್ವಪರಿಚಿತನೊಬ್ಬನ ಅನೇಕ ನಮಸ್ಕಾರಗಳು. ‘ಉಭಯಕುಶಲೋಪರಿ ಸಾಂಪ್ರತ’ವೆಂದು ಬರೆಯುವುದು ಪದ್ಧತಿ, ಆದರೆ ತಮ್ಮ ಕುಶಲವು ವೃತ್ತಪತ್ರಿಕೆಗಳಲ್ಲಿಯೂ ನಮ್ಮ ಮಕ್ಕಳ ಕುಶಲವು ಅಂಗನವಾಡಿಯ ತಕ್ಕಡಿಯಲ್ಲಿಯೂ ಪ್ರಕಟವಾಗುತ್ತಿರುವುದರಿಂದ ಆ ಶಿಷ್ಟಾಚಾರವನ್ನು ಬಿಟ್ಟಿದ್ದೇನೆ.

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ತಮ್ಮ ಕುಲಕ್ಕೆ ಸಮರ್ಪಿಸಿದುದನ್ನೂ, ಅದೇ ವರ್ಷ ದೆಹಲಿಯ ಆಯವ್ಯಯ ಭಾಷಣದಲ್ಲಿ ತಮ್ಮ ಬಳಗಕ್ಕೆ ‘ಶ್ರೀ ಅನ್ನ’ವೆಂಬ ಬಿರುದು ಪ್ರಾಪ್ತವಾದುದನ್ನೂ, ಬೆಂಗಳೂರಿನ ಮೇಳಗಳಲ್ಲಿ ತಾವು ಬಿಸ್ಕತ್ತಾಗಿ, ನೂಡಲ್ಸಾಗಿ, ಮಧುಮೇಹಿಗಳ ಇಷ್ಟದೇವತೆಯಾಗಿ ದರ್ಶನವೀಯುತ್ತಿರುವುದನ್ನೂ ಕೇಳಿ ನಮಗಾದ ಆನಂದ ಅಷ್ಟಿಷ್ಟಲ್ಲ. ರಾಜ್ಯದಲ್ಲಿಯೇ ಅತ್ಯಲ್ಪ ಮಳೆ ಕಾಣುವ ಈ ನೆಲದಲ್ಲಿ ಬೆಳೆದು, ಹುರುಳಿಸಾರಿನೊಡನೆ ನಮ್ಮ ಗಂಗಳವನ್ನು ತುಂಬುತ್ತಿದ್ದ ತಮ್ಮನ್ನು ಬಡವರ ಕೂಳೆಂದು ಜರೆದವರ ಮೊಮ್ಮಕ್ಕಳೇ ಈಗ ಹೊಳೆಯುವ ಪೊಟ್ಟಣಗಳಲ್ಲಿ ತಮ್ಮನ್ನು ಕೊಂಡೊಯ್ಯುವರಂತೆ!

ಇನ್ನು ತಾವು ತೆರಳಿದ ಮೇಲಿನ ಸಮಾಚಾರ. ಹೊಲಕ್ಕೆ ಶೇಂಗಾ ಬಂದಿತು, ಚಳ್ಳಕೆರೆಗೆ ಎಣ್ಣೆ ಗಿರಣಿಗಳ ಕೀರ್ತಿ ಬಂದಿತು, ಒಲೆಯ ಮೇಲಿನ ಮಡಕೆಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂದಿತು. ಅಕ್ಕಿಯನ್ನು ನಿಂದಿಸುವ ಕೃತಘ್ನತೆ ನನಗಿಲ್ಲ. ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಅನ್ನವು ನಿತ್ಯದ ಊಟವಾದುದು ಬಡವರ ಪಾಲಿಗೆ ಸಣ್ಣ ಸಂಗತಿಯಲ್ಲ. ಆದರೆ ಅದು ಹೊಟ್ಟೆಯನ್ನು ತುಂಬಿದಷ್ಟು ಸುಲಭವಾಗಿ ಮೈಗೆ ರಕ್ತವನ್ನು ತುಂಬಲಿಲ್ಲ. ಆದ್ದರಿಂದಲೇ 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ವು ಅವತರಿಸಿತು: ಗರ್ಭಿಣಿ ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿಗಳನ್ನು ಸೇವಿಸತಕ್ಕದ್ದು. ಉದ್ದೇಶ ಉದಾತ್ತವಾದುದೇ ಸರಿ. ಆದರೆ ಹೆರಿಗೆಯಾದವಳನ್ನು ಸೂತಕವೆಂದು ಹೊರಗಿನ ಗುಡಿಸಲಲ್ಲಿ ಕೂರಿಸುವ ಆಚಾರ ಇನ್ನೂ ಉಳಿದಿರುವ ಗೊಲ್ಲರಹಟ್ಟಿಯ ಬಾಣಂತಿಯು ದಿನವೂ ನಡೆದುಬಂದು ಉಣ್ಣುವಳೆಂದು ಭಾವಿಸಿದವರು ಹಟ್ಟಿಯನ್ನು ನಕಾಶೆಯಲ್ಲಿ ಮಾತ್ರ ನೋಡಿದ್ದಿರಬೇಕು. ಆ ಆಚಾರವು ತೊಲಗಲೇಬೇಕಾದುದು. ಅದು ತೊಲಗುವ ತನಕ ಬಾಣಂತಿಯ ಹಸಿವು ಕಾದಿರಲಾರದು.

ಅಕ್ಕಿಯ ತೌಡನ್ನು ನುಣ್ಣಗೆ ಉಜ್ಜಿ ತೆಗೆದು, ಬಳಿಕ ಕಬ್ಬಿಣಾಂಶವನ್ನು ಬೆರೆಸಿ ಯಂತ್ರದಲ್ಲಿ ಒತ್ತಿದ ಕಾಳುಗಳನ್ನು ನೂರಕ್ಕೊಂದರಂತೆ ಕೂಡಿಸುವ ಸಾರವರ್ಧನೆಯೆಂಬ ವಿದ್ಯೆಯೂ ಬಳಕೆಗೆ ಬಂದಿತು. ಅದನ್ನು ‘ಪ್ಲಾಸ್ಟಿಕ್ ಅಕ್ಕಿ’ಯೆಂದು ಮೊರದಲ್ಲಿ ಆರಿಸಿ ಎಸೆಯುವ ಅಜ್ಜಿಯನ್ನು ಅಜ್ಞಾನಿಯೆನ್ನುವವರು, ನೂರು ಗ್ರಾಂ ನವಣೆಯಲ್ಲಿ ಸುಮಾರು 12 ಗ್ರಾಂ ಸಸಾರಜನಕವಿರುವುದನ್ನು ಮಾತ್ರ ಪಟ್ಟಣದವರಿಗೇ ಬೋಧಿಸುತ್ತಾರೆ.

ದೂರದಿಂದ ಆರೋಗ್ಯವನ್ನು ವಿಚಾರಿಸುವ ಸಂಪ್ರದಾಯ ಈ ಸೀಮೆಗೆ ಹೊಸತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಸುವರ್ಣಗಿರಿಯಿಂದ ಹೊರಟು, ಇಸಿಲದ ಮಹಾಮಾತ್ರರ ಆರೋಗ್ಯವನ್ನು ಕೋರಿಯೇ ವಿಷಯಕ್ಕೆ ಬರುತ್ತದೆ. ಅಂದೂ ಆರೋಗ್ಯವನ್ನು ಕೋರಿದ್ದು ಅಧಿಕಾರಿಗಳಿಗೇ.

ತಾವು ಬಾರದಿರುವುದಕ್ಕೆ ಕಾರಣವನ್ನು ನಾನು ಬಲ್ಲೆ. ತಮ್ಮ ಅಕ್ಕ ರಾಗಿಯನ್ನು ಹಾಗೆಯೇ ಹಿಟ್ಟಿನ ಗಿರಣಿಗೆ ಸುರಿಯಬಹುದು. ಆದ್ದರಿಂದಲೇ ಆಕೆ ಮುದ್ದೆಯಾಗಿ ಮನೆಯಲ್ಲಿ ಉಳಿದಳು, 2024ರಿಂದ ಶಾಲೆಯಲ್ಲಿ ಹಾಲಿನೊಡನೆ ಮಾಲ್ಟೂ ಆದಳು. ತಮಗಾದರೋ ಹೊಟ್ಟು ಬಿಡಿಸಬೇಕು. ಒನಕೆ ಹಿಡಿದು ಕೈ ಬೊಕ್ಕೆಯೆದ್ದ ಹೆಂಗಸರನ್ನು ಮತ್ತೆ ಒರಳಿನ ಮುಂದೆ ನಿಲ್ಲಿಸಿರೆಂದು ಕೇಳುವ ಧೈರ್ಯ ನನಗಿಲ್ಲ. ತಮ್ಮನ್ನು ಬೆಳೆಯುವವನಿಗೆ ‘ರೈತ ಸಿರಿ’ಯೆಂಬ ಹೆಸರಿನಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಕೊಡಲು ಮುಂದಾದ ಸರ್ಕಾರವು, ತಮ್ಮನ್ನು ಉಣ್ಣಬೇಕಾದ ಮಗುವಿನ ಸಮೀಪದಲ್ಲಿ ಹೊಟ್ಟು ಬಿಡಿಸುವ ಒಂದು ಯಂತ್ರವನ್ನು ಸ್ಥಾಪಿಸಿ, ತೌಡನ್ನು ಪೂರ್ತಿ ಕಳೆಯದ ನವಣೆಯಕ್ಕಿಯನ್ನು ವಾರಕ್ಕೆರಡು ದಿನವಾದರೂ ಅಂಗನವಾಡಿಯ ಒಲೆಗೆ ಮುಟ್ಟಿಸಿದರೆ, ಅದಕ್ಕೆ ಹೊಂದುವ ಹುರುಳಿಸಾರನ್ನು ಮಾಡಲು ಅಲ್ಲಿನ ಅಡುಗೆಯಾಕೆಗೆ ಯಾವ ತರಬೇತಿಯೂ ಬೇಕಾಗದು.

ತಮ್ಮ ಮಾರ್ಗವ್ಯಯವನ್ನು ಕೃಷಿ ಇಲಾಖೆಯು ಭರಿಸಬೇಕೋ, ಆಹಾರ ಇಲಾಖೆಯೋ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೋ ಎಂಬ ಪ್ರಶ್ನೆ ಏಳುವುದು ಖಂಡಿತ. ಉತ್ತರ ಬರುವವರೆಗೆ ಕಾಯದೆ, ಸಾಮೆ ಕೊರಲೆಗಳನ್ನೂ ಕರೆದುಕೊಂಡು, ಪೊಟ್ಟಣದಲ್ಲಲ್ಲದೆ ಪಡಿತರದ ಚೀಲದಲ್ಲಿ ಕುಳಿತು ಹೊರಟುಬಿಡಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಒಣಸೀಮೆಯವನು