ಹಂಗೇ ಇಳಿದ್ವಿ

ಹೇಳದೆ ಕೇಳದೆ ಬರುವುದಕ್ಕೆ ಇಂಗ್ಲಿಷಿನವರು ‘ಡ್ರಾಪ್ ಇನ್’ ಅನ್ನುತ್ತಾರೆ. ಮಾವಿನಕಾಯಿ ಉದುರಿದಂತೆ ಮನೆಯೊಳಕ್ಕೆ ಉದುರುವುದು! ನಮ್ಮಲ್ಲಿ ಬಂದವರನ್ನು ನೋಡಿ ಕ್ರಿಯಾಪದ: ಬೀಗರು ದಯಮಾಡಿಸುತ್ತಾರೆ, ಗೆಳೆಯ ಪ್ರತ್ಯಕ್ಷನಾಗುತ್ತಾನೆ, ಸಾಲ ಕೇಳುವ ಭಾವಮೈದ ವಕ್ಕರಿಸುತ್ತಾನೆ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿರಿಯರೇನೋ ಹೇಳಿ ಜಾರಿಕೊಂಡರು.

ನಮ್ಮ ನರಸಾಪುರ ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿರುವುದೇ ಗ್ರಹಚಾರ. ಕುರುಡುಮಲೆ ಗಣಪನಿಗೆ ಹೊರಟವರೂ “ಹಂಗೇ ಇಳಿದ್ವಿ” ಅನ್ನುತ್ತಾರೆ. 2013ರಲ್ಲಿ ಹೋಂಡಾ ಕಾರ್ಖಾನೆ ಶುರುವಾದ ಮೇಲೆ ಕೆಲಸ ಹುಡುಕುವ ನೆಂಟರೂ ಸೇರಿಕೊಂಡರು. ಮೊದಲಾದರೆ ಕಾಗೆ ಕೂಗಿ ಸುಳಿವು ಕೊಡುತ್ತಿತ್ತು. ಈಗ ಗೇಟಿನ ಮುಂದೆ ನಿಂತೇ ಫೋನು: “ಅಕ್ಕಾ, ಬಾಗಿಲು ತೆಗಿ.” ಅಕ್ಕ ಮೊದಲು ಸಾರಿಗೆ ಒಂದು ಚೊಂಬು ನೀರು ಸುರಿದು, ಆಮೇಲೆ ಬಾಗಿಲು ತೆಗೆಯುತ್ತಾಳೆ.

ನೀವೂ ಬನ್ನಿ. ಅವರೆಕಾಯಿ ಕಾಲದಲ್ಲಿ ಮಾತ್ರ ದಯವಿಟ್ಟು ಹೇಳಿ ಬನ್ನಿ.