ಕೊರಟಗೆರೆಗೆ ಹಲ್ಲು ಬೇಡ

ನನ್ನ ಮೇಲಿನ ಬಾಚಿ ಹಲ್ಲೊಂದು ಪಾವಗಡದ ಹತ್ತಿರ ನೆಂಟರ ಹೊಲದಲ್ಲಿ ಉದುರಿತು. ಹಸಿ ಕಡಲೆಕಾಯಿ ಕಿತ್ತು ರಾಶಿ ಹಾಕಿದ್ದರು. ಬೆರಳಲ್ಲಿ ಒತ್ತಿದರೆ ಬಿಚ್ಚಿಕೊಳ್ಳುವ ಕಾಯನ್ನು ಹಲ್ಲಲ್ಲೇ ಒಡೆಯುವ ಹುಡುಗಾಟ 52 ಆದರೂ ನನಗೆ ಹೋಗಿಲ್ಲ. ರಾಶಿಯಲ್ಲಿ ಅದೇ ಬಣ್ಣದ, ಅದೇ ಗಾತ್ರದ ಕಲ್ಲೊಂದಿತ್ತು. ಕಟಕ್ ಅಂದಿತು. ಹಾಲು ಹಲ್ಲಾಗಿದ್ದರೆ ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆದು ಹೊಸದಕ್ಕೆ ಕಾಯಬಹುದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಅಂದರು. "ಮಫುಗಿರಿ" ಅಂದೆ.

"ಯಾವ ಗಿರಿ ಸಾರ್?"

ವ್ಯಾಕರಣದ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದ ದಂತ್ಯಾಕ್ಷರ ಅಂದರೆ ಏನೆಂದು ಅವತ್ತು ಅರ್ಥವಾಯಿತು. ಮಧುಗಿರಿಯ 'ಧು'ಗೆ ಹಲ್ಲು ಬೇಕು. ಸಿರಾ ಇನ್ನೂ ಕಷ್ಟ, ಹೇಳಹೊರಟರೆ ಬರೀ ಸಿಳ್ಳೆ. ಬೋರ್ಡಿನಲ್ಲಿರುವಂತೆ 'ಶಿರಾ' ಎಂದು ತಿದ್ದಿಕೊಂಡರೂ ಸಿಳ್ಳೆಯೇ. ಪಾವಗಡದ 'ವ' ಹಲ್ಲು ತುಟಿ ಎರಡರದ್ದು, ತುಟಿ ಹೇಗೋ ಸುಧಾರಿಸುತ್ತದೆ. ಕೊರಟಗೆರೆ ಮಾತ್ರ ಅಪ್ಪಟ. ಕ, ಗ ಗಂಟಲಿನವು. ರ, ಟ ಮೂರ್ಧನ್ಯ. ಬೊಚ್ಚುಬಾಯಿಯವರು ಸುಖವಾಗಿ ನೆಲೆಸಬಹುದಾದ ತಾಲ್ಲೂಕು ನಮ್ಮ ಕಡೆ ಅದೊಂದೇ.

ಡಾಕ್ಟರು ಮೂರು ದಾರಿ ಹೇಳಿದರು. ಮೊದಲನೆಯದು ತೆಗೆದು ಹಾಕುವ ಹಲ್ಲು. ಅಗ್ಗ, ಆದರೆ ರಾತ್ರಿ ಬಿಚ್ಚಿ ನೀರಲ್ಲಿಡಬೇಕು, ಒಣಗಿದರೆ ಅದರ ಆಕಾರ ಕೆಡುತ್ತದೆ. ನಮ್ಮ ಮನೆಯಲ್ಲಿ ನಡುರಾತ್ರಿ ಬಾಯಾರಿ ಕೈಗೆ ಸಿಕ್ಕ ಲೋಟ ಎತ್ತುವವರು ಮೂವರಿದ್ದಾರೆ. ಎರಡನೆಯದು ಬ್ರಿಡ್ಜು: ಅಕ್ಕಪಕ್ಕದ ಎರಡು ಗಟ್ಟಿ ಹಲ್ಲು ಅರೆದು, ಕ್ಯಾಪು ಹಾಕಿ, ನಡುವೆ ಸುಳ್ಳು ಹಲ್ಲನ್ನು ತೂಗಿಬಿಡುವುದು. ಪಾಪದ ನೆರೆಯವರ ಬದು ಕೆರೆದು ನಮ್ಮ ಹೊಲ ಸರಿಮಾಡಿಕೊಂಡ ಹಾಗೆ. ಇಂಥ ಕೇಸಿಗೆ ಮಧುಗಿರಿ ಕೋರ್ಟು ಅಲೆದವರ ವಂಶ ನಮ್ಮದು, ಬೇಡವೆಂದೆ.

ಮೂರನೆಯದು ಇಂಪ್ಲಾಂಟು. ದವಡೆ ಮೂಳೆಗೆ ಟೈಟಾನಿಯಂ ತಿರುಪು ಬಿಗಿದು, ಮೂಳೆ ಅದನ್ನು ತನ್ನದೆಂದು ಅಪ್ಪಿಕೊಳ್ಳಲು ಮೂರರಿಂದ ಆರು ತಿಂಗಳು ಬಿಟ್ಟು, ಮೇಲೆ ಹಲ್ಲು ಕೂರಿಸುವುದು. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವೈದ್ಯರು ರಕ್ತಸಂಚಾರ ನೋಡಲೆಂದು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಸಾಧನ ಇಟ್ಟಿದ್ದರಂತೆ. ಕೆಲಸ ಮುಗಿದ ಮೇಲೆ ಎಳೆದರೆ ಬರಲೇ ಇಲ್ಲ. ಹಳೇ ಬಾಡಿಗೆದಾರನ ಹಾಗೆ ಕೂತುಬಿಟ್ಟಿತ್ತು. ಸಾಧನ ಹಾಳಾಯಿತಲ್ಲ ಎಂದು ಗೊಣಗುವ ಬದಲು ಆತ ಅದರಲ್ಲೇ ದಾರಿ ಕಂಡು, 1965ರಲ್ಲಿ ಮನುಷ್ಯರ ದವಡೆಗೆ ಬಂದರು.

ಮೊಲದ ಮೇಲಿನ ಮರ್ಯಾದೆಗೆ ಒಪ್ಪಿದೆ. ಬಣ್ಣ ಹೊಂದಿಸುವುದು ಬಾಕಿಯಿತ್ತು. ಡಾಕ್ಟರು 16 ಪುಟ್ಟ ಹಲ್ಲುಗಳ ಸಾಲೊಂದನ್ನು ತಂದು, ರವಿಕೆ ಕಣಕ್ಕೆ ದಾರ ಹೊಂದಿಸುವವರ ಹಾಗೆ ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದರು. ಯಾವುದೂ ಕೂಡಲಿಲ್ಲ. ಕೂಡುವುದು ಹೇಗೆ? ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡು ಮೀರಬಾರದು ಎಂಬ ಲೆಕ್ಕ ಬರುವ ಹೊತ್ತಿಗೆ ನಮ್ಮ ಸೀಮೆಯ ಮಕ್ಕಳು ಕೊಳವೆಬಾವಿ ನೀರು ಕುಡಿದು ಬೆಳೆದಾಗಿತ್ತು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಬೀಳುವ ಕಂದು ಗೆರೆ ಅದು; ಯಾವ ಪೇಸ್ಟಿಗೂ ಬಗ್ಗುವುದಿಲ್ಲ. ಈಗ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ, ಮಕ್ಕಳ ಹಲ್ಲು ಬೆಳ್ಳಗೆ ಹುಟ್ಟಲಿ. ಆದರೆ 'ಪಾವಗಡ ಬೋರ್‌ವೆಲ್' ಎಂಬ ಹದಿನೇಳನೇ ಬಣ್ಣ ಆ ಸಾಲಿಗೆ ಸೇರಬೇಕಾದದ್ದು ನ್ಯಾಯ.

ಸುದ್ದಿ ದೊಡ್ಡಮ್ಮನಿಗೆ ಮುಟ್ಟಿತು. ಸರ್ಕಾರ 2014ರ ಹೊತ್ತಿಗೆ ದಂತಭಾಗ್ಯ ಎಂದು ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲು ಸೆಟ್ಟು ಕೊಡಲು ಶುರುಮಾಡಿತಲ್ಲ, ಆಕೆಗೂ ಒಂದು ಸಿಕ್ಕಿತ್ತು. ಮದುವೆಗೆ, ಫೋಟೊಗೆ ಮಾತ್ರ ಹಾಕುತ್ತಾಳೆ. ಮಿಕ್ಕ ದಿನ ಟ್ರಂಕಿನಲ್ಲಿ, ನೀರು ತುಂಬಿದ ಸ್ಟೀಲ್ ಡಬ್ಬಿಯೊಳಗೆ, ಕಾಸಿನ ಸರದ ಪಕ್ಕ. ಕೇಳಿದರೆ "ಮುದ್ದೆ ನುಂಗಾಕೆ ಹಲ್ಯಾಕಪ್ಪ?" ಅನ್ನುತ್ತಾಳೆ.

"ಎಷ್ಟಂತೆ?" ಅಂದಳು.

"30 ಸಾವಿರ."

"ಎಲ್ಲಾ ಹಲ್ಗೂನಾ?"

"ಒಂದಕ್ಕೆ ದೊಡ್ಡಮ್ಮ."

ಮಾತಾಡದೆ ಒಳಗೆ ಹೋಗಿ ಡಬ್ಬಿ ತಂದು, ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. ನೀರೊಳಗೆ ಮೇಲು ಕೆಳಗಿನ ಎರಡೂ ಸಾಲು ನಗುತ್ತಿದ್ದವು.

"28 ಐತೆ ನೋಡು. ನಿಂಗೆ ಯಾವ್ದು ಬೇಕೋ ಕಿತ್ಕೊಂಡೋಗು."