ನೆಲಕ್ಕೇರಿದ ನೌಕೆಗೊಂದು ಬಿನ್ನವತ್ತಳೆ

ಕಾರವಾರದ ಕಡಲ ತೀರದಲ್ಲಿ, 66ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ಅಲೆಯ ಸದ್ದು ಕೇಳಿಸುವಷ್ಟು ಸಮೀಪದಲ್ಲಿದ್ದೂ ಅಲೆಯ ಹನಿ ತಾಗದಷ್ಟು ಎತ್ತರದಲ್ಲಿ ವಿರಾಜಮಾನರಾಗಿರುವ ಐ.ಎನ್.ಎಸ್. ಚಪಲ್ ಎಂಬ ಕ್ಷಿಪಣಿ ನೌಕೆಯ ಸನ್ನಿಧಾನಕ್ಕೆ, ಅದೇ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗಿಬರುವ ಪಾಮರನೊಬ್ಬನ ಸವಿನಯ ವಿಜ್ಞಾಪನೆ.

ಸೋವಿಯತ್ ದೇಶದಲ್ಲಿ ಜನ್ಮವೆತ್ತಿ, 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, ಬೆನ್ನ ಮೇಲೆ ನಾಲ್ಕು ಕ್ಷಿಪಣಿಗಳ ಭಾರವನ್ನು ಹೊತ್ತು ದುಡಿದು, 2005ರಲ್ಲಿ ನಿವೃತ್ತಿಯನ್ನು ಹೊಂದಿ, ಮರುವರ್ಷವೇ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ಪ್ರತಿಷ್ಠಿತರಾದ ತಮ್ಮನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಗೌರವವೂ ಅದರ ಬೆನ್ನಿಗೇ ಸಣ್ಣದೊಂದು ಅಸೂಯೆಯೂ ಹುಟ್ಟುವುದುಂಟು; ಏಕೆಂದರೆ ಪಿಂಚಣಿಯನ್ನು ಪಡೆದ ಮೇಲೆ ಊರಿನ ಅತ್ಯುತ್ತಮ ಸ್ಥಳದಲ್ಲಿ, ಸಮುದ್ರಕ್ಕೆ ಮುಖಮಾಡಿ, ವರ್ಷಗಟ್ಟಲೆ ಏನನ್ನೂ ಮಾಡದೆ ನಿಂತು, ಅದನ್ನು ನೋಡಲು ಜನರಿಂದ ಟಿಕೇಟಿನ ಹಣವನ್ನು ಪಡೆಯುವ ಭಾಗ್ಯವು ಈ ದೇಶದಲ್ಲಿ ಮಿಕ್ಕ ಯಾವ ನಿವೃತ್ತ ನೌಕರನಿಗೂ ದೊರೆತುದನ್ನು ನಾನು ಕಾಣೆ.

ಆದರೆ ಬಿನ್ನವತ್ತಳೆಯಲ್ಲಿ ಹೊಗಳಿಕೆಯಷ್ಟೇ ಇರಬೇಕೆಂಬ ರೂಢಿಯನ್ನು ಕ್ಷಣಕಾಲ ಬದಿಗಿಟ್ಟು, ಒಂದು ಮುಜುಗರದ ಸಂಗತಿಯನ್ನು ನಿವೇದಿಸಬೇಕಾಗಿದೆ. ತಾವು 1971ರ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿ ಶತ್ರುವಿನ ನೌಕೆಗಳನ್ನು ಮುಳುಗಿಸಿದಿರೆಂಬ ಮಾತು ಪ್ರವಾಸಿಗಳ ಬಾಯಲ್ಲಿಯೂ ಪತ್ರಿಕೆಗಳ ಬರಹಗಳಲ್ಲಿಯೂ ನಿರಾತಂಕವಾಗಿ ಸಂಚರಿಸುತ್ತಿದೆ. ಆ ವರ್ಷದ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವರು ನಿಪಾತ್, ನಿರ್ಘಾತ್, ವೀರ್ ಎಂಬ ತಮ್ಮ ಹಿರಿಯ ಪೀಳಿಗೆಯ ಮೂವರು. ತಾವಾದರೋ ಪಡೆಗೆ ಸೇರಿದ್ದು ಅದಾಗಿ ಐದು ವರ್ಷಗಳ ಮೇಲೆ. ಹುಟ್ಟುವುದಕ್ಕೆ ಮೊದಲೇ ಯುದ್ಧವನ್ನು ಗೆದ್ದವರು ನಮ್ಮ ಪುರಾಣಗಳಲ್ಲಿಯೂ ವಿರಳವಾಗಿರುವಾಗ, ಈ ಕೀರ್ತಿಯನ್ನು ತಾವು ಮೌನದಿಂದಲೇ ಅಂಗೀಕರಿಸುತ್ತಿರುವುದು ಸಂಕೋಚದಿಂದಲೋ ಇಲ್ಲವೆ ರಜತೋತ್ಸವದ ಸನ್ಮಾನಗಳಲ್ಲಿ ನಮ್ಮ ಗಣ್ಯರು ತಲೆತಗ್ಗಿಸಿ ಕೇಳಿಸಿಕೊಳ್ಳುವ ಕ್ರಮವನ್ನು ಅನುಸರಿಸಿಯೋ ತಿಳಿಯದು. ತಾವು ಸುಳ್ಳು ಹೇಳಿದಿರೆಂದು ನಾನು ಹೇಳುತ್ತಿಲ್ಲ. ಸ್ಮಾರಕಗಳಿಗೆ ಸುಳ್ಳು ಹೇಳುವ ಶ್ರಮವೇ ಇಲ್ಲ. ಅದನ್ನು ನಾವೇ ವಹಿಸಿಕೊಳ್ಳುತ್ತೇವೆ.

ಇನ್ನು ತಮ್ಮ ನೆರೆಹೊರೆಯ ವಿಚಾರ. ಸಮುದ್ರದ ಮೇಲೆ ಹಾರಾಡಿ ಜಲಾಂತರ್ಗಾಮಿಗಳನ್ನು ಅರಸುತ್ತಿದ್ದ ತುಪೊಲೆವ್ ವಿಮಾನವೊಂದು ಈಚೆಗೆ ತಮ್ಮ ಪಕ್ಕಕ್ಕೇ ಬಂದು ನೆಲಸಿದೆಯಷ್ಟೆ. ತೇಲುವುದು ಮುಗಿದ ತಾವು, ಹಾರುವುದು ಮುಗಿದ ಅದು, ಇಬ್ಬರೂ ಸಂಜೆಯ ಹೊತ್ತು ಲೋಕಾಭಿರಾಮವಾಗಿ ಮಾತನಾಡಿಕೊಳ್ಳುವಾಗ, ಈ ಕರಾವಳಿಗೆ ತಮಗಿಂತ ಮುಂಚೆಯೂ ಒಂದು ಸಮುದ್ರವಿದ್ದಿತೆಂಬ ವಿಷಯವು ಎಂದಾದರೂ ಪ್ರಸ್ತಾಪಕ್ಕೆ ಬಂದುದುಂಟೆ? ಬಾರದಿದ್ದರೆ ಅದು ತಮ್ಮ ದೋಷವಲ್ಲ, ಹೆದ್ದಾರಿಯದು. ಹೆದ್ದಾರಿಗೆ ತನ್ನ ಬದಿಯಲ್ಲಿ ಕಾಣುವುದಷ್ಟೇ ಇತಿಹಾಸ.

ಇಲ್ಲಿಂದ ತೆಂಕಣಕ್ಕೆ ಹೊರಟ ಬಸ್ಸು ಹೊನ್ನಾವರದಲ್ಲಿ ಶರಾವತಿಯ ಅಳಿವೆಯನ್ನು ದಾಟುವಾಗ ಅದರೊಳಗಿನ ಪ್ರಯಾಣಿಕರು ಗಾಳಿಗೆ ಮುಖವೊಡ್ಡಿ ಮೊಬೈಲನ್ನು ಹೊರಚಾಚುತ್ತಾರೆ. ಫಲಕವು ನದಿಯ ಹೆಸರನ್ನು ತಿಳಿಸಿ ತನ್ನ ಕರ್ತವ್ಯವನ್ನು ಪೂರೈಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಇದೇ ಅಳಿವೆಯೊಳಕ್ಕೆ ಬಂದ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನು, ಈ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವೆಂದು ಬರೆದು, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದು ಬೆರಗಾದನು. ಇಲ್ಲಿಯ ಸುಲ್ತಾನ ಜಮಾಲುದ್ದೀನನು 52 ನೌಕೆಗಳನ್ನು ಸಜ್ಜುಗೊಳಿಸಿ ಗೋವೆಯ ಮೇಲೆ ದಂಡೆತ್ತಿ ಹೋದಾಗ ಈ ಯಾತ್ರಿಕನೂ ಹಡಗನ್ನೇರಿ ಜೊತೆಗೆ ಹೋದನು. ತಮ್ಮಂಥ ಒಂದು ನೌಕೆಗೆ ಇಷ್ಟು ದೊಡ್ಡ ಪೀಠವಾದರೆ 52ಕ್ಕೆ ಎಷ್ಟಾಗಬೇಕೆಂಬ ತ್ರೈರಾಶಿಯ ಲೆಕ್ಕವನ್ನು ಮಾಡಿ ಯಾವುದೋ ಇಲಾಖೆಯು ಗಾಬರಿಗೊಂಡು ಕಡತವನ್ನು ಮುಚ್ಚಿರಬಹುದೆಂದು ನನ್ನ ಊಹೆ. ಅದೇ ಹೊನ್ನಾವರವನ್ನು ನೆಲೆಯಾಗಿ ಮಾಡಿಕೊಂಡು ಕಡಲಿನಲ್ಲಿ ಮೆರೆದ ತಿಮ್ಮಯ್ಯನು, 1510ರಲ್ಲಿ ಪೋರ್ತುಗೀಜರ ಆಲ್ಬುಕರ್ಕನನ್ನು ಗೋವೆಯ ಮೇಲೆ ಹೋಗುವಂತೆ ಪ್ರೇರಿಸಿ ನೆರವಾದವನು; ಇವನನ್ನು ವೀರನೆನ್ನಬೇಕೋ ಕಡಲ್ಗಳ್ಳನೆನ್ನಬೇಕೋ ಎಂಬುದು ತೀರ್ಮಾನವಾಗುವ ತನಕ ಪ್ರತಿಮೆಗೆ ಯಾವ ಬಣ್ಣವನ್ನು ಬಳಿಯುವುದೆಂಬುದೂ ತೀರ್ಮಾನವಾಗದು. ಮುಂದೆ ವಾರಾಹಿ ನದಿಯ ದಡದ ಬಸರೂರಿನ ಪಾಡಂತೂ ಹೇಳತೀರದು. ಗೋವೆಯ ಪೋರ್ತುಗೀಜರ ಹೊಟ್ಟೆಗೆ ಅಕ್ಕಿಯನ್ನು ಕಳುಹಿಸಿದ, 1665ರಲ್ಲಿ ಶಿವಾಜಿಯೇ ಹಡಗುಗಳೊಡನೆ ಏರಿಬಂದು ಕೊಳ್ಳೆಹೊಡೆಯುವಷ್ಟು ಸಿರಿಯುಳ್ಳ ಬಂದರು ಅದು. ಆದರೆ ಹೆದ್ದಾರಿಯಿಂದ ಒಳಕ್ಕಿದೆ, ಬಸ್ಸಿನಿಂದ ಕಾಣುವುದಿಲ್ಲ.

ಹಡಗಿಗೆ ಸ್ಮಾರಕವನ್ನು ನಿಲ್ಲಿಸುವ ಕಲೆ ಹಿಂದಿನವರಿಗೂ ತಿಳಿಯದೆ ಇರಲಿಲ್ಲ. ಮುಂಬಯಿಯ ಬೊರಿವಲಿಯ ಬಳಿಯ ಎಕ್ಸಾರಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು: ಕೆಳಗಣ ಪಟ್ಟಿಕೆಯಲ್ಲಿ ಹುಟ್ಟುಗಳನ್ನು ಸಾಲಾಗಿ ಚಾಚಿದ ಹಡಗುಗಳು, ಅದರ ಮೇಲೆ ನಡುನೀರಿನ ಕಾಳಗ, ಎಲ್ಲಕ್ಕೂ ಮೇಲೆ ಮಡಿದವರಿಗೆ ಕೈಲಾಸ. ಗೋವೆಯ ಕದಂಬರ ಕಾಲದ ಕಲ್ಲುಗಳ ಮೇಲೆಯೂ ಹಡಗುಗಳುಂಟು. ಆ ಶಿಲ್ಪಿಗಳು ಹಡಗನ್ನು ಕಲ್ಲಿನಲ್ಲಿ ಕೊರೆದರು, ಅದರೊಳಗೆ ಮನುಷ್ಯರನ್ನೂ ಕೊರೆದರು. ನಾವು ಹಡಗನ್ನೇ ಇಡಿಯಾಗಿ ಎತ್ತಿ ತಂದಿಟ್ಟು, ಮನುಷ್ಯರ ಸ್ಥಾನದಲ್ಲಿ ಸಮವಸ್ತ್ರ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ್ದೇವೆ.

ಮನುಷ್ಯರ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ವಿಧಿಯಿಲ್ಲ. ತಾವು ನಿವೃತ್ತರಾದ 2005ನೆಯ ವರ್ಷದಲ್ಲಿಯೇ, ಇಲ್ಲಿಗೆ ಸಮೀಪದ ಅರಗದಲ್ಲಿ, ಅದೇ ಕದಂಬರ ಹೆಸರನ್ನು ಹೊತ್ತ ನೌಕಾನೆಲೆಯು ಸೇವೆಗೆ ಸಮರ್ಪಿತವಾಯಿತು. 1986ರಲ್ಲಿ ಶಂಕುಸ್ಥಾಪನೆಯಾದ, ಸೀಬರ್ಡ್ ಎಂಬ ಹೆಸರಿನ ಆ ನೆಲೆಯ ಯೋಜನೆಗಾಗಿ ದಂಡೆಯ ಹಳ್ಳಿಗಳ ಸಾವಿರಾರು ಕುಟುಂಬಗಳು, ಬಲೆಯನ್ನೂ ದೋಣಿಯನ್ನೂ ನಂಬಿ ಬದುಕಿದವರು ಸಹಿತವಾಗಿ, ಮನೆಗಳನ್ನು ಬಿಟ್ಟೆದ್ದರು. ಪರಿಹಾರದ ಮೊತ್ತಕ್ಕಾಗಿ ನ್ಯಾಯಾಲಯದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ಹತ್ತಿಳಿದರು. ದೇಶರಕ್ಷಣೆಗೆ ನೆಲೆ ಬೇಡವೆಂದು ಹೇಳುವ ಮೂರ್ಖ ನಾನಲ್ಲ. ಸಮುದ್ರವನ್ನು ಬಿಟ್ಟು ನೆಲಕ್ಕೆ ಬಂದುದಕ್ಕಾಗಿ ತಮಗೆ ಪೀಠವೂ, ಕಾಲಕಾಲಕ್ಕೆ ಬಣ್ಣವೂ ಸಲ್ಲುತ್ತಿರುವಾಗ, ಅದೇ ಕೆಲಸವನ್ನು ಮಾಡಿದ ಅವರಿಗೆ ದಾರಿಯ ಬದಿಯಲ್ಲಿ ಒಂದು ಮೊಳದ ಕಲ್ಲಾದರೂ ಸಲ್ಲಬಾರದೆ ಎಂದಷ್ಟೇ ಕೇಳುತ್ತಿದ್ದೇನೆ.

ಇದೇ ಹೆದ್ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುದು ತಮಗೂ ಕೇಳಿಸಿರಬೇಕು. ಲಾರಿಯೊಂದು ಅದರೊಡನೆ ನೀರಿಗೆ ಬಿತ್ತು. ಕತ್ತಲಲ್ಲಿ ಅದರ ಚಾಲಕನನ್ನು ಪೊಲೀಸರೊಡನೆ ಸೇರಿ ಜೀವಸಹಿತ ದಡಕ್ಕೆ ತಂದವರು ಮೀನುಗಾರರು. ಆಗ ಕ್ಷಿಪಣಿಯ ಅಗತ್ಯವು ಬೀಳಲಿಲ್ಲವಾಗಿ ತಮ್ಮನ್ನು ಎಬ್ಬಿಸಲಿಲ್ಲ.

ಆದಕಾರಣ ನನ್ನ ಪ್ರಾರ್ಥನೆಯು ಅಲ್ಪವಾದುದು. ಹೊಸ ಸ್ಮಾರಕಕ್ಕೆ ಹಣವನ್ನು ಕೇಳಿದರೆ ಸಮಿತಿಯಾಗುತ್ತದೆ, ಸಮಿತಿಯಾದರೆ ಉಪಸಮಿತಿಯಾಗುತ್ತದೆ, ಅಷ್ಟರಲ್ಲಿ ಹೆದ್ದಾರಿ ಇನ್ನೊಮ್ಮೆ ಅಗಲವಾಗುತ್ತದೆ. ತಮ್ಮ ಒಡಲಿನ ಬೊಂಬೆ ನಾವಿಕರಲ್ಲಿ ಒಬ್ಬನನ್ನು ಬಸರೂರಿಗೆ ನಿಯೋಜನೆಯ ಮೇಲೆ ಕಳುಹಿಸಿಕೊಡಲು ಮೇಲಧಿಕಾರಿಗಳಿಗೆ ಶಿಫಾರಸು ಮಾಡಬೇಕು. ಅವನು ವಾರಾಹಿಯ ಕಡೆಗೆ ಕೈ ತೋರಿಸಿಕೊಂಡು ನಿಂತಿದ್ದರೆ ಸಾಕು. ಪ್ರಯಾಣ ಭತ್ಯೆಯನ್ನು ಅವನು ಕೇಳಲಾರ, ವರ್ಗಾವಣೆಗಾಗಿ ಮಂತ್ರಿಗಳ ಮನೆಗೆ ಅಲೆಯಲಾರ, ಮಳೆಗಾಲದಲ್ಲಿ ಒಂದು ಕೊಡೆಯನ್ನು ನಾನೇ ಒದಗಿಸುವೆನು.

ಇತಿ ತಮ್ಮ ವಿಧೇಯ,
ಹೆದ್ದಾರಿಯ ಒಬ್ಬ ಪ್ರಯಾಣಿಕ